ಹರಾಜಿನ ಪ್ರಕಟಣೆ ಬರುವ ಮೊದಲು: ಮಗಳಿಗೊಂದು ಪತ್ರ

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಮನೆ ಸಾಲದ ಬಗ್ಗೆ ಬ್ಯಾಂಕಿನಿಂದ ಬಂದ ನೋಟಿಸಿನ, ನೀನು ಕಳಿಸಿದ ಫೋಟೋಗಳನ್ನು ಪೂರ್ತಿ ಓದಿದೆ. ಇದು ಹರಾಜಿನ ನೋಟಿಸಲ್ಲ, ಗಾಬರಿ ಬೇಡ. ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿಯಿಂದ ಸಾಲ ವಸೂಲಿ ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ಬೇಡಿಕೆ ನೋಟಿಸು. ಕಂತು 90 ದಿನ ಮೀರಿ ಬಾಕಿ ಉಳಿದು ಖಾತೆ ಎನ್‌ಪಿಎ (ಕೆಟ್ಟ ಸಾಲ) ಆದ ಮೇಲೆ ಬರುವಂಥದ್ದು. ನೋಟಿಸಿನ ತಾರೀಖಿನಿಂದ 60 ದಿನ ಬ್ಯಾಂಕು ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳುವಂತಿಲ್ಲ. ಮಾಡುವುದೆಲ್ಲ ಇಷ್ಟರೊಳಗೇ ಮಾಡಬೇಕು.

ನೋಟಿಸಿನಲ್ಲಿ 36 ಲಕ್ಷವೂ ಕೇಳಿದ್ದಾರೆ ಎಂದು ನೀನು ಕಣ್ಣೀರು ಹಾಕಿದೆಯಂತೆ. ಬೇಡಿಕೆ ನೋಟಿಸಿನಲ್ಲಿ ಪೂರ್ತಿ ಸಾಲ ಕೇಳುವುದೇ ರೂಢಿ. ಆದರೆ ಅಸಲು, ಬಡ್ಡಿಯ ಬಾಕಿಯಷ್ಟನ್ನೂ ತೀರಿಸಿದರೆ ಖಾತೆಯನ್ನು ಮತ್ತೆ ಸರಿಯಾದ ಸಾಲವೆಂದು ದಾಖಲಿಸಬಹುದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಿನ್ನದು 32,000ದ ಐದು ಕಂತು, ಅಂದರೆ 1,60,000. ಅದರ ಮೇಲೆ ದಂಡಶುಲ್ಕ, ಕಟ್ಟುವ ಹೊತ್ತಿಗೆ ಬೀಳುವ ಆರನೆಯ ಕಂತು. ಜನ ಎಡವುವುದು ಇಲ್ಲೇ. ಒಡವೆ ಅಡವಿಟ್ಟು ಎರಡು ಕಂತು ಕಟ್ಟಿ ‘ಹಣ ಕಟ್ಟಿದೆವಲ್ಲ’ ಎಂದು ಕೂರುತ್ತಾರೆ. ಬಾಕಿ ಚೂರು ಉಳಿದರೂ ಖಾತೆ ಎನ್‌ಪಿಎ ಆಗಿಯೇ ಇರುತ್ತದೆ, ನೋಟಿಸೂ ಜೀವಂತ. ಕಟ್ಟುವುದಾದರೆ ಪೂರ್ತಿ ಬಾಕಿ ಒಟ್ಟಿಗೆ ಕಟ್ಟು. ಸಾಲದ ಖಾತೆಗೇ ನೆಫ್ಟ್ ಮಾಡು. ವಸೂಲಿಗೆ ಬಂದವರ ಕೈಗೆ ನಗದು ಕೊಡಬೇಡ. ಹಣ ಹೋದ ಮೇಲೆ ‘13(2) ನೋಟಿಸಿನ ಕ್ರಮ ಕೈಬಿಟ್ಟಿದ್ದೇವೆ’ ಎಂದು ಬರಹದಲ್ಲಿ ಕೇಳಿ ಪಡೆ. ಶಾಖೆಯ ಮ್ಯಾನೇಜರ್ ಬಾಯಿಮಾತಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ನೋಟಿಸಿಗೆ ಸಹಿ ಹಾಕಿದ ಅಧಿಕೃತ ಅಧಿಕಾರಿಯಿಂದಲೇ ಬರಬೇಕು.

ಅಷ್ಟು ಹಣ ಕೂಡುವ ಮೊದಲೇ ಒಂದು ಪತ್ರ ಹೋಗಲಿ. 13(3ಎ) ಪ್ರಕಾರ ಆಕ್ಷೇಪಣೆ ಬರೆದರೆ ಬ್ಯಾಂಕು 15 ದಿನದೊಳಗೆ ಕಾರಣ ಸಹಿತ ಉತ್ತರ ಕೊಡಲೇಬೇಕು. ನೋಟಿಸಿನ ಕೊನೆಯ ಹಾಳೆಯ ಷೆಡ್ಯೂಲನ್ನು ಕ್ರಯಪತ್ರದ ಪಕ್ಕ ಇಟ್ಟು ನೋಡು: ಸೈಟ್ ನಂಬರು, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ. ಎನ್‌ಪಿಎ ಆದ ತಾರೀಖನ್ನೂ ನೀನು ಕಟ್ಟಿದ ಕೊನೆಯ ಕಂತಿನ ತಾರೀಖನ್ನೂ ಹೋಲಿಸು. ಅಳಿಯಂದಿರೂ ಜಂಟಿ ಸಾಲಗಾರರಲ್ಲವೇ, ಅವರ ಹೆಸರಿಗೂ ನೋಟಿಸು ಬಂದಿದೆಯೇ? ತಪ್ಪು ಕಂಡದ್ದನ್ನೆಲ್ಲ ಬರೆ. ಬಾಕಿಯ ವಿವರವಾದ ಲೆಕ್ಕ ಕೇಳು. ಯಾವ ತಾರೀಖಿಗೆ ಎಷ್ಟು ಕಟ್ಟುತ್ತೀ ಎಂಬುದನ್ನೂ ಸೇರಿಸು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ, ತಲುಪಿದ ದಾಖಲೆ ಜೋಪಾನ ಮಾಡು.

ಹಾಗೇ ಬ್ಯಾಂಕಿನಿಂದ ಬರುವ ಟಪಾಲನ್ನು ಬೇಡವೆಂದು ವಾಪಸು ಕಳಿಸಬೇಡ. ತಲುಪಿದಂತೆಯೇ ಲೆಕ್ಕ ಹಿಡಿಯುತ್ತಾರೆ, ದಿನ ಓಡುತ್ತಲೇ ಇರುತ್ತದೆ.

60 ದಿನ ಸುಮ್ಮನೆ ಕಳೆದರೆ 13(4)ರ ಸ್ವಾಧೀನ ನೋಟಿಸನ್ನು ಬಾಗಿಲಿಗೆ ಅಂಟಿಸಿ, 7 ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಹಾಕಿಸುತ್ತಾರೆ. ಒಂದು ಸ್ಥಳೀಯ ಭಾಷೆಯದು. ಇದು ಬಹುಪಾಲು ಕಾಗದದ ಸ್ವಾಧೀನ, ಅಂದೇ ಯಾರೂ ಮನೆಯಿಂದ ಹೊರಹಾಕುವುದಿಲ್ಲ. ಆದರೆ ಆ ದಿನದಿಂದ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ 17ನೇ ಕಲಮಿನಡಿ ಅರ್ಜಿ ಹಾಕಬಹುದು. ಸಿವಿಲ್ ಕೋರ್ಟಿಗೆ ಹೋಗೋಣ ಎನ್ನುವವರ ಮಾತು ಕೇಳಬೇಡ, 34ನೇ ಕಲಂ ಆ ಬಾಗಿಲನ್ನು ಮುಚ್ಚಿದೆ. ನ್ಯಾಯಮಂಡಳಿಯೂ ಪುಕ್ಕಟೆ ತಡೆಯಾಜ್ಞೆ ಕೊಡುವುದು ಅಪರೂಪ. ಬಾಕಿಯ ಒಂದು ಪಾಲು ಠೇವಣಿ ಇಡು ಎನ್ನುತ್ತದೆ.

ಇನ್ನು ಹರಾಜಿನ ಪ್ರಕಟಣೆ. ಹರಾಜಿನ ದಿನದವರೆಗೂ ಹಣ ಕಟ್ಟಿ ಬಿಡಿಸಿಕೊಳ್ಳಬಹುದು ಎಂದು ಇಂದಿಗೂ ಹೇಳುವವರಿದ್ದಾರೆ. ಅದು ಹಳೆಯ ಕಾನೂನು. 2016ರ ತಿದ್ದುಪಡಿಯ ನಂತರ 13(8)ರ ಪ್ರಕಾರ ಪೂರ್ತಿ ಸಾಲ ಕಟ್ಟಿ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ನೋಟಿಸು ಪ್ರಕಟವಾಗುವವರೆಗೆ ಮಾತ್ರ. 2023ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಖಚಿತಪಡಿಸಿತು. ಆಮೇಲೆ ಉಳಿಯುವುದು ಬ್ಯಾಂಕಿನ ದಾಕ್ಷಿಣ್ಯ, ಇಲ್ಲವೇ ಅವರ ಲೋಪ: ಮೊದಲ ಹರಾಜಿಗೆ 30 ದಿನದ ನೋಟಿಸು ಕೊಟ್ಟರೇ, ಅನುಮೋದಿತ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿದರೇ, ಕನ್ನಡ ಪತ್ರಿಕೆಯಲ್ಲಿ ಹಾಕಿದರೇ. ಇಂಥ ಲೋಪ ಸಿಕ್ಕರೆ ನ್ಯಾಯಮಂಡಳಿಯಲ್ಲಿ ಹರಾಜು ನಿಂತೀತು. ಅದನ್ನೇ ನಂಬಿ ಕೂರುವುದು ನನಗೆ ಒಪ್ಪಿಗೆಯಿಲ್ಲ.

ಅಳಿಯಂದಿರ ಹೊಸ ಕೆಲಸ ಮೂರು ತಿಂಗಳಲ್ಲಿ ಆಗುವ ಸೂಚನೆ ಇಲ್ಲದಿದ್ದರೆ, ಮನೆಯನ್ನು ನೀವೇ ಮಾರುವುದು ಮೇಲು. ಹರಾಜಿನಲ್ಲಿ ಬರುವುದಕ್ಕಿಂತ ಒಳ್ಳೆಯ ಬೆಲೆ ಸಾಮಾನ್ಯವಾಗಿ ಸಿಗುತ್ತದೆ. ಆದರೆ ಈ ನೋಟಿಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ, ಬಾಡಿಗೆ ಕರಾರೂ ಮಾಡುವಂತಿಲ್ಲ. ಮುಂಗಡ ತೆಗೆದುಕೊಳ್ಳುವ ಮೊದಲೇ ಆ ಒಪ್ಪಿಗೆ ಪಡೆ. ಕೊಳ್ಳುವವರ ಹಣ ನೇರವಾಗಿ ಸಾಲದ ಖಾತೆಗೇ ಹೋಗಲಿ.

ಓಟಿಎಸ್, ಅಂದರೆ ಕಡಿಮೆ ಮೊತ್ತಕ್ಕೆ ಒಪ್ಪಿಸಿ ಒಂದೇ ಸಲ ಸಾಲ ಮುಗಿಸುವುದು, ಕೊನೆಗೆ ನೋಡೋಣ. ಅದನ್ನು ಹಕ್ಕೆಂದು ಕೇಳಲು ಬರುವುದಿಲ್ಲ, ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲೂ ‘ಸೆಟಲ್ಡ್’ (ಪೂರ್ತಿ ಕಟ್ಟದೆ ಮುಗಿಸಿದ್ದು) ಎಂದು ಕೂರುತ್ತದೆ.

ನಾಳೆ ಬ್ಯಾಂಕಿಗೆ ಹೋದಾಗ ಸಾಲದ ಸ್ಟೇಟ್‌ಮೆಂಟು ತೆಗೆಸಿ ಕಳಿಸು. ಆಕ್ಷೇಪಣೆಯ ಕರಡು ನಾನು ಬರೆದಿಡುತ್ತೇನೆ. ಸಹಿ ಇಬ್ಬರದೂ ಇರಲಿ.

ಇಂತಿ,
ಅಪ್ಪ