ದೂರು: ಡೈನೋಸಾರ್ ತೋರಿಸುತ್ತೇವೆಂದು ಕರೆದೊಯ್ದ ಒಂದು ದಿನದ ಪ್ರವಾಸ

ವಿರಾಜಪೇಟೆ
ಜನವರಿ 27, 2025

ವ್ಯವಸ್ಥಾಪಕರಿಗೆ,
ಪ್ರವಾಸ ಸಂಸ್ಥೆ, ಮಡಿಕೇರಿ

ವಿಷಯ: ಜನವರಿ 18ರ ತಮಿಳುನಾಡಿನ ಕಾರೈ–ಅರಿಯಲೂರು ಪಳೆಯುಳಿಕೆ ಪ್ರವಾಸದಲ್ಲಿ ಆದ ವಂಚನೆ ಮತ್ತು ಹಣ ವಾಪಸಾತಿ ಕುರಿತು.

ಮಾನ್ಯರೇ,

ನಿಮ್ಮ ಕಚೇರಿಯ ಗಾಜಿನ ಬಾಗಿಲಿಗೆ ಅಂಟಿಸಿದ್ದ ಭಿತ್ತಿಪತ್ರದಲ್ಲಿ ಬಾಯಿ ತೆರೆದು ನಿಂತ ಟೈರನೋಸಾರಸ್ ಒಂದಿತ್ತು. ಅದನ್ನು ಕಂಡ ಕೂಡಲೇ ನನ್ನ ಹತ್ತು ವರ್ಷದ ಮೊಮ್ಮಗ, "ಅಜ್ಜಿ, ಇದು ಅಮೆರಿಕದ್ದಲ್ಲವಾ? ತಮಿಳುನಾಡಿಗೆ ಹೇಗೆ ಬಂತು?" ಎಂದು ಕೇಳಿದ. ಚಿತ್ರವನ್ನು ಅಂದಕ್ಕೆ ಹಾಕಿರುತ್ತಾರೆ ಎಂದು ಅವನಿಗೆ ಸಮಾಧಾನ ಹೇಳಿ, ನಮ್ಮಿಬ್ಬರ ಪಾಲಿನ ₹7,400 ಕಟ್ಟಿದೆ. ಹುಡುಗನ ಮಾತು ಬಿಟ್ಟು ನಿಮ್ಮ ಮಾತು ನಂಬಿದ್ದು ನನ್ನ ತಪ್ಪು. ಅದರ ಮುಂದಿನ ತಪ್ಪುಗಳೆಲ್ಲ ನಿಮ್ಮವು.

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಕಾಫಿ ಕೊಯ್ಲಿನ ನಡುವೆ ಮನೆ ಬಿಟ್ಟು ಹೊರಡುವುದೆಂದರೆ ಏನೆಂದು ಕೊಡಗಿನಲ್ಲಿ ಅಂಗಡಿ ಇಟ್ಟವರಿಗೆ ವಿವರಿಸಬೇಕಾಗಿಲ್ಲ. ಆದರೂ ಹದಿನೆಂಟು ಜನ ಮೈಸೂರಿನಿಂದ ರಾತ್ರಿ ರೈಲು ಹಿಡಿದು ಬೆಳಿಗ್ಗೆ ತಿರುಚ್ಚಿಯಲ್ಲಿ ಇಳಿದೆವು. ಆರೂವರೆಗೆ ನಿಲ್ದಾಣದಲ್ಲಿ ಕಾಯುತ್ತದೆ ಎಂದಿದ್ದ ವ್ಯಾನ್ ಬಂದದ್ದು ಎಂಟೂ ಮುಕ್ಕಾಲಿಗೆ. ಕನ್ನಡ ಬಲ್ಲ ಮಾರ್ಗದರ್ಶಿ ಬರಲಿಲ್ಲ. ಬಂದ ಹುಡುಗನಿಗೆ ತಮಿಳು ಮಾತ್ರ ಗೊತ್ತಿತ್ತು. ಕೊಡಗಿನವರಾದ ನಮಗೆ ಅದು ಅಷ್ಟಿಷ್ಟು ತಿಳಿಯುತ್ತದೆ, ಆದ್ದರಿಂದ ಅದನ್ನು ದೂರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಂದಿನ ರಾತ್ರಿ ಹತ್ತು ಗಂಟೆಗೆ ತನಗೆ ಫೋನ್ ಬಂತೆಂದು ಅವನೇ ಒಪ್ಪಿಕೊಂಡ. ಅದಕ್ಕೂ ಮುಂಚೆ ಅವನು ಆ ಕಡೆಗೆ ಒಮ್ಮೆಯೂ ಹೋದವನಲ್ಲ. ಈ ಪತ್ರದ ನೆಪದಲ್ಲಿ ಅವನ ಕೂಲಿಗೆ ಕತ್ತರಿ ಹಾಕಬೇಡಿ.

ಕಾರೈ ತಲುಪಿದಾಗ ನಡು ಹಗಲು. ಈ ಜಾಗದ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ನೀವು ಮಾರುತ್ತಿರುವುದು ಏನೆಂದು ನಿಮಗೆ ತಿಳಿದಿಲ್ಲ ಎಂಬುದೇ ನನ್ನ ಮುಖ್ಯ ದೂರು.

ರಸ್ತೆ ಬಿಟ್ಟು ಸ್ವಲ್ಪ ನಡೆದರೆ ನೆಲ ಇದ್ದಕ್ಕಿದ್ದಂತೆ ಸೀಳಿ ಬಿದ್ದ ಹಾಗೆ ಕಾಣುತ್ತದೆ. ಕೆಂಪು, ಕಂದು, ಬೂದು ಬಣ್ಣದ ಜೇಡಿಮಣ್ಣು, ಮರವಿಲ್ಲ, ನೆರಳಿಲ್ಲ. ಮಳೆ ನೀರು ಕೊರೆದು ಕೊರೆದು ಮಾಡಿದ ಸಾವಿರಾರು ಕೊರಕಲುಗಳು, ಅವುಗಳ ನಡುವೆ ಕತ್ತಿಯ ಅಲಗಿನಂತಹ ದಿಬ್ಬಗಳು. 2018ರ ಆಗಸ್ಟ್ ತಿಂಗಳ ಭೂಕುಸಿತ ಕಂಡ ನಾವು ಮಣ್ಣಿನಲ್ಲಿ ಒಂದು ಬಿರುಕು ಕಂಡರೂ ಎದೆ ಹಿಡಿದುಕೊಳ್ಳುವವರು. ನಮ್ಮ ಜೊತೆಗಿದ್ದ ಮಕ್ಕಂದೂರಿನ ಹಿರಿಯರೊಬ್ಬರು ಮೊದಲ ಐದು ನಿಮಿಷ ವ್ಯಾನಿನಿಂದ ಇಳಿಯಲೇ ಇಲ್ಲ. ಆಮೇಲೆ ಇಳಿದವರು ಮತ್ತೆ ಹತ್ತಲು ಒಪ್ಪಲಿಲ್ಲ. ಅಂತಹ ಜಾಗ ಅದು. ಮಣ್ಣಿನ ಪದರಗಳ ನಡುವೆ ಜಿಪ್ಸಮ್ಮಿನ ತೆಳು ಹಾಳೆಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ನಿಮ್ಮ ಹುಡುಗ ಅದನ್ನು ಒಡೆದ ಬಾಟಲಿ ಎಂದು ತಿಳಿದು, ಕಾಲಿಗೆ ಚುಚ್ಚೀತು ಎಂದು ಎಚ್ಚರಿಸಿದ.

ಸುಮಾರು 10 ಕೋಟಿ ವರ್ಷಗಳ ಹಿಂದೆ ಅಲ್ಲಿ ಸಮುದ್ರವಿತ್ತು. ಭೂವಿಜ್ಞಾನಿಗಳು ಅದನ್ನು ಕಾವೇರಿ ಕೊಳ್ಳದ ಕ್ರಿಟೇಶಿಯಸ್ (ಡೈನೋಸಾರ್‌ಗಳ ಕೊನೆಯ ಯುಗದ) ಶಿಲೆಗಳು ಎನ್ನುತ್ತಾರೆ. ಹೌದು, ನಮ್ಮ ತಲಕಾವೇರಿಯ ಹೆಸರೇ. ಆದರೆ ನಮ್ಮ ಬೆಟ್ಟದ ಕಲ್ಲು 300 ಕೋಟಿ ವರ್ಷಕ್ಕೂ ಹಳೆಯದು. ಡೈನೋಸಾರ್ ಇರಲಿ, ಒಂದು ಮೀನು ಕೂಡ ಹುಟ್ಟುವ ಮೊದಲಿನದು. ಅದೇ ನದಿಯ ಕೆಳದಂಡೆಯ ಸೀಮೆಗೆ ಹೋದರೆ ಕಡಲ ಜೀವಿಗಳ ಗೋರಿಯೇ ತೆರೆದು ಬಿದ್ದಿದೆ. 19ನೇ ಶತಮಾನದ ನಡುವಿನಲ್ಲೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಹೆನ್ರಿ ಬ್ಲ್ಯಾನ್‌ಫರ್ಡ್ ಅಲ್ಲಿ ಅಲೆದು ಪದರ ಪದರವನ್ನೂ ಗುರುತಿಸಿದ್ದ. ಕೊಡಗಿನ ಗಿರಾಕಿಗಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕೆ? ನೀವು ಹೇಳಿದ್ದು ಡೈನೋಸಾರ್ ಕಥೆ, ಅದೂ ಸುಳ್ಳು.

ಕಾರೈಯ ಮಣ್ಣಿನಲ್ಲಿ ಕೋವಿಯ ತೋಟೆಯಂತೆ ಉದ್ದಕ್ಕೆ, ತುದಿ ಚೂಪಾಗಿ ಕಲ್ಲುಗಳು ಬಿದ್ದಿರುತ್ತವೆ. ಅವು ಬೆಲೆಮ್ನೈಟ್. ಸ್ಕ್ವಿಡ್ ಜಾತಿಗೆ ನಂಟಿದ್ದ ಒಂದು ಕಡಲ ಜೀವಿಯ ದೇಹದೊಳಗಿನ ಗಟ್ಟಿ ಭಾಗ. ನಿಮ್ಮ ಮಾರ್ಗದರ್ಶಿ ಅವನ್ನು ಡೈನೋಸಾರ್ ಹಲ್ಲು ಎಂದು ಮಕ್ಕಳ ಕೈಗೆ ಕೊಟ್ಟು, "ಬೇಕಾದಷ್ಟು ತೆಗೆದುಕೊಳ್ಳಿ" ಎಂದ. ಆಮೇಲೆ ಅವನ ಪರಿಚಯದವನೊಬ್ಬ ಬೈಕಿನಲ್ಲಿ ಗೋಣಿಚೀಲ ತಂದು, ಚಕ್ಕೋತದಷ್ಟು ದಪ್ಪದ ಎರಡು ಉಂಡೆಕಲ್ಲುಗಳನ್ನು ಹೊರಗೆ ತೆಗೆದ. ಡೈನೋಸಾರ್ ಮೊಟ್ಟೆಯಂತೆ, ಒಂದಕ್ಕೆ ₹500. ಸೋಮವಾರಪೇಟೆಯ ದಂಪತಿ ಒಂದನ್ನು ಕೊಂಡೂ ಕೊಂಡರು. ಅದೀಗ ಅವರ ಮನೆಯ ಶೋಕೇಸಿನಲ್ಲಿ ಹಾಕಿ ಆಟದ ಕಪ್ಪಿನ ಪಕ್ಕದಲ್ಲಿ ಕುಳಿತಿದೆಯಂತೆ. ಮಣ್ಣಿನೊಳಗೆ ಒಂದು ಚಿಪ್ಪಿನ ಸುತ್ತ ಸುಣ್ಣದ ಅಂಶ ಗಟ್ಟಿಕಟ್ಟುತ್ತಾ ಹೋದರೆ ಇಂತಹ ಉಂಡೆಯಾಗುತ್ತದೆ. 2020ರಲ್ಲಿ ಪೆರಂಬಲೂರು ಜಿಲ್ಲೆಯ ಕೆರೆಯೊಂದರಲ್ಲಿ ಸಿಕ್ಕ ಉಂಡೆಗಳನ್ನು ಡೈನೋಸಾರ್ ಮೊಟ್ಟೆ ಎಂದು ಮೊಬೈಲಿನಲ್ಲಿ ಊರೆಲ್ಲ ಹಬ್ಬಿಸಿದಾಗಲೂ, ಬಲ್ಲವರು ಹೋಗಿ ನೋಡಿ ಅವು ಮೊಟ್ಟೆಯಲ್ಲ, ಅಮೊನೈಟಿನ (ಸುರುಳಿ ಚಿಪ್ಪಿನ, ಈಗ ಅಳಿದುಹೋದ ಕಡಲ ಜೀವಿಯ) ಸುತ್ತ ಗಟ್ಟಿಕಟ್ಟಿದ ಉಂಡೆಗಳು ಎಂದಿದ್ದರು. ನಿಜವಾದ ಮೊಟ್ಟೆ ನೋಡಬೇಕೆಂದರೆ ಗುಜರಾತಿನ ಬಾಲಾಸಿನೋರ್ ಹತ್ತಿರದ ರೈಯೋಲಿಗೆ ಹೋಗಬೇಕು.

ಅಂದು ನಮಗೆ ಸಿಕ್ಕ ನಿಜವಾದ ಮಾರ್ಗದರ್ಶಿ ಎಂದರೆ ಮೇಕೆ ಮೇಯಿಸುತ್ತಿದ್ದ ಒಬ್ಬ ಅಮ್ಮ. ನಾವು ಉಂಡೆಕಲ್ಲಿನ ಸುತ್ತ ನೆರೆದದ್ದನ್ನು ದೂರದಿಂದಲೇ ನೋಡಿ ನಕ್ಕು, ನನ್ನ ಮೊಮ್ಮಗನನ್ನು ಕೈ ಬೀಸಿ ಕರೆದರು. ಒಂದು ಕೊರಕಲಿನ ಬದಿಯಲ್ಲಿ ಕೋಲಿನ ತುದಿಯಿಂದ ಮಣ್ಣು ಸರಿಸಿದರು. ಊಟದ ತಟ್ಟೆಯಷ್ಟು ಅಗಲದ ಸುರುಳಿ. ಅದರ ಮೇಲೆ ಬೆರಳಿಗೆ ಸಿಗುವಂತಹ ಏಣುಗಳು. "ನತ್ತೈ" ಎಂದರು, ಬಸವನಹುಳು ಎಂದು. ಆಮೇಲೆ ಸುತ್ತಲಿನ ಬರಡು ನೆಲಕ್ಕೆಲ್ಲ ಕೋಲು ತಿರುಗಿಸಿ "ಕಡಲ್" ಎಂದರು. ಹುಡುಗ ಅದನ್ನು ಮುಟ್ಟಿ ನೋಡಿ, "ಅಜ್ಜಿ, ಇದು ಪಕ್ಕದ ಮನೆ ಭಟ್ಟರ ಸಾಲಿಗ್ರಾಮದ ಹಾಗಿದೆ" ಎಂದ. ಹಾಗಿರುವುದಷ್ಟೇ ಅಲ್ಲ, ಗಂಡಕಿಯ ಸಾಲಿಗ್ರಾಮವೂ ಅಮೊನೈಟೇ. ಅದನ್ನು ಅವನಿಗೆ ಹೇಳುವಷ್ಟರಲ್ಲಿ ವ್ಯಾನಿನ ಹಾರ್ನ್ ಕೇಳಿಸಿತು. ಎರಡೂವರೆ ಗಂಟೆ ಎಂದು ನೀವು ಅಚ್ಚು ಹಾಕಿಸಿದ್ದ ಜಾಗದಲ್ಲಿ ನಮಗೆ ಸಿಕ್ಕಿದ್ದು ಇಪ್ಪತ್ತೈದು ನಿಮಿಷ. ಅದೂ ತಲೆ ಮೇಲೆ ನೇರ ಬಿಸಿಲು, ತಲೆಗೊಂದು ಅರ್ಧ ಲೀಟರ್ ನೀರು. ಟೋಪಿ, ಕೊಡೆ, ಹಿಡಿತವಿರುವ ಚಪ್ಪಲಿ ಬೇಕೆಂದು ನಿಮ್ಮ ಹಾಳೆಯಲ್ಲಿ ಒಂದು ಸಾಲೂ ಇಲ್ಲ. ಹವಾಯಿ ಚಪ್ಪಲಿ ಹಾಕಿ ಬಂದ ಇಬ್ಬರು ಜಾರಿ ಬಿದ್ದರು.

ಸಾತನೂರಿನ ಕಲ್ಲಾದ ಮರದ ವಿಷಯದಲ್ಲಿ ದೂರಿಲ್ಲ. 1940ರಲ್ಲಿ ಎಂ. ಎಸ್. ಕೃಷ್ಣನ್ ಕಂಡುಹಿಡಿದ, ಸುಮಾರು 18 ಮೀಟರ್ ಉದ್ದದ ಆ ಕಾಂಡ ಬೇಲಿಯೊಳಗೆ ತನ್ನ ಪಾಡಿಗೆ ಮಲಗಿತ್ತು. ಅದನ್ನು ಮಾತ್ರ ಯಾರೂ ಡೈನೋಸಾರ್ ಕಾಲು ಎನ್ನಲಿಲ್ಲ. ಬಳಿಕ ಪೆರಂಬಲೂರಿನಲ್ಲಿ ಊಟಕ್ಕೆಂದು ಒಂದೂ ಮುಕ್ಕಾಲು ಗಂಟೆ ಕೂರಿಸಿದಿರಿ.

ಇನ್ನು ನಿಮ್ಮ ಕರಪತ್ರದ ಮುಖ್ಯ ಆಕರ್ಷಣೆ: "ಕಲ್ಲಮೇಡುವಿನಲ್ಲಿ ಜಗತ್ತಿನ ಅತಿ ದೊಡ್ಡ ಡೈನೋಸಾರಿನ ಅಸ್ಥಿಪಂಜರ ದರ್ಶನ." ವ್ಯಾನ್ ಒಂದು ಬಯಲಿನ ಪಕ್ಕದಲ್ಲಿ ನಿಂತಿತು. ಮುಳ್ಳು ಪೊದೆ, ಒಣಗಿದ ಹಳ್ಳ, ಎರಡು ಹಸು. "ಇದರ ಕೆಳಗಿದೆ" ಎಂದ ಹುಡುಗ. 1987ರಲ್ಲಿ ಯಾದಗಿರಿ ಮತ್ತು ಅಯ್ಯಸಾಮಿ ಎಂಬ ಭೂವಿಜ್ಞಾನಿಗಳು ಇಲ್ಲಿನ ಮೂಳೆಗಳಿಗೆ ಬೃಹತ್ಕಾಯೋಸಾರಸ್ ಎಂದು ಹೆಸರಿಟ್ಟದ್ದು ನಿಜ. ಹೆಸರಿಗೆ ತಕ್ಕ ಗಾತ್ರ ಇದ್ದಿರಲೂಬಹುದು; ಅವು ಮೂಳೆಯಲ್ಲ, ಕಲ್ಲಾದ ಮರ ಎಂದು ವಾದಿಸಿದವರೂ ಇದ್ದಾರೆ. ಆದರೆ ಆ ಮೂಳೆಗಳು ಪುಡಿಪುಡಿಯಾಗಿ ಹೋಗಿ ದಶಕಗಳೇ ಕಳೆದಿವೆ, ಈಗ ಉಳಿದಿರುವುದು ಚಿತ್ರಗಳು ಮಾತ್ರ. ಪುಡಿಯಾದ ಮೂಳೆಯ ದರ್ಶನಕ್ಕೆ ನೀವು ಟಿಕೆಟ್ ಹರಿದಿದ್ದೀರಿ. ಮೊಮ್ಮಗ ಹತ್ತು ನಿಮಿಷ ಆ ಹಳ್ಳವನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ಊರು ಮುಟ್ಟುವವರೆಗೂ ಡೈನೋಸಾರ್ ಎಂಬ ಪದ ಅವನ ಬಾಯಿಂದ ಬರಲಿಲ್ಲ. ನಾವು ವಾರಣವಾಸಿಯ ಪಳೆಯುಳಿಕೆ ಸಂಗ್ರಹಾಲಯ ತಲುಪುವಾಗ ಬಾಗಿಲು ಹಾಕಿತ್ತು. ಬೆಳಗಿನ ಎರಡು ಗಂಟೆ ಹದಿನೈದು ನಿಮಿಷದ ತಡವನ್ನು ಅಲ್ಲಿ ಕಳೆದು ನೋಡಿ, ಲೆಕ್ಕ ಸರಿಹೋಗುತ್ತದೆ.

ಮರುದಿನ ಫೋನ್ ಮಾಡಿದಾಗ ನಿಮ್ಮ ಕಚೇರಿಯವರು, "ಮೇಡಂ, ಡೈನೋಸಾರ್ ಎಂದು ಹಾಕದಿದ್ದರೆ ಜನ ಬರುವುದಿಲ್ಲ" ಎಂದರು. ಬರುತ್ತಾರೆ. ನನ್ನನ್ನು ಆ ಮಣ್ಣಿನಲ್ಲಿ ಅರ್ಧ ದಿನ ಬಿಟ್ಟು, ಆ ಮೇಕೆಯ ಅಮ್ಮನಿಗೆ ಗೌರವಧನ ಕೊಟ್ಟು ಮಾತಾಡಿಸಿದ್ದರೆ, ಪೂರ್ತಿ ಹಣ ಕೊಟ್ಟು ಇನ್ನೊಮ್ಮೆ ಬರುತ್ತಿದ್ದೆ.

ನಾನು ಕೇಳುವುದು ಹೆಚ್ಚೇನಿಲ್ಲ. ನಮ್ಮಿಬ್ಬರ ಹಣದಲ್ಲಿ ಅರ್ಧ, ಅಂದರೆ ₹3,700, ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ನನ್ನ ಖಾತೆಗೆ ಬರಬೇಕು. ಸೋಮವಾರಪೇಟೆಯವರಿಗೆ ಅವರ ₹500 ಮುಟ್ಟಬೇಕು. ಮೊಟ್ಟೆಯನ್ನು ಹಿಂದಿರುಗಿಸಲು ಅವರು ಒಪ್ಪದಿದ್ದರೆ ಅದು ನಿಮ್ಮ ಪಾಡು. ಬಾಗಿಲ ಮೇಲಿನ ಟೈರನೋಸಾರಸ್ ಕೆಳಗಿಳಿಯಬೇಕು, ಅಸ್ಥಿಪಂಜರದ ಸಾಲು ಅಳಿಸಬೇಕು. ಇಲ್ಲವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿನ ದೂರನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡುತ್ತೇನೆ. ಈ ಮೊತ್ತದ ದೂರಿಗೆ ಅಲ್ಲಿ ಶುಲ್ಕವಿಲ್ಲ, ನನಗಂತೂ ಬಿಡುವಿದೆ.

ಇನ್ನೊಂದು. ಊರಿಗೆ ಬಂದು ಬಟ್ಟೆ ಒಗೆಯುವಾಗ ಮೊಮ್ಮಗನ ಚಡ್ಡಿಯ ಜೇಬಿನಲ್ಲಿ ಮೂರು ಬೆಲೆಮ್ನೈಟ್ ಸಿಕ್ಕವು. "ಮಾರ್ಗದರ್ಶಿಯೇ ಕೊಟ್ಟಿದ್ದಲ್ಲವಾ?" ಎಂದು ಅತ್ತ. ಅಲ್ಲಿನದು ಅಲ್ಲೇ ಇರಬೇಕೆಂದು ಅವನಿಗೆ ಒಪ್ಪಿಸಲು ಎರಡು ದಿನ ಹಿಡಿಯಿತು. ಅವನ್ನು ಹತ್ತಿಯಲ್ಲಿ ಸುತ್ತಿ, ಕಾಫಿಪುಡಿಯ ಖಾಲಿ ಡಬ್ಬಿಯಲ್ಲಿ ಹಾಕಿ ಈ ಪತ್ರದ ಜೊತೆ ಕಳುಹಿಸಿದ್ದೇನೆ. ನಿಮ್ಮ ಮುಂದಿನ ತಂಡ ಹೋಗುವಾಗ ಕಾರೈಯ ಕೊರಕಲಿನಲ್ಲಿ ಬಿಟ್ಟು ಬರಬೇಕು. ಬಿಟ್ಟದ್ದರ ಒಂದು ಫೋಟೋ ಬೇಕೆಂದು ಮೊಮ್ಮಗ ಹೇಳಿದ್ದಾನೆ.

ಇಂತಿ,
ನಿವೃತ್ತ ಶಿಕ್ಷಕಿ, ವಿರಾಜಪೇಟೆ

ಲಗತ್ತು: ರಸೀದಿಯ ನಕಲು, ನಿಮ್ಮ ಕರಪತ್ರ, ಡಬ್ಬಿ ಒಂದು.