ಬೈದರೂ ಸರಿ, ಮೊದಲು ನೋಡಿ ಬೈಯಿರಿ

ಮಾನ್ಯ ಸಂಪಾದಕರೇ,

ಹೋದ ವಾರ ಇದೇ ಪುಟದಲ್ಲಿ ನಿವೃತ್ತ ಕಲಾ ಶಿಕ್ಷಕರೊಬ್ಬರ ಪತ್ರ ಓದಿದೆ. ಚಿತ್ರಕಲೆ ಓದುವ ಈಗಿನ ಮಕ್ಕಳಿಗೆ ಒಂದು ಮಾತು ತಡೆಯುವ ಶಕ್ತಿ ಇಲ್ಲ, ಮೇಷ್ಟ್ರು ಸ್ವಲ್ಪ ಗಟ್ಟಿಯಾಗಿ ಹೇಳಿದರೂ ಕಣ್ಣೀರು ಹಾಕುತ್ತಾರೆ ಎಂದು ಅವರು ನೊಂದುಕೊಂಡು ಬರೆದಿದ್ದರು. ಅವರ ವಯಸ್ಸು, ಅನುಭವ ಎರಡಕ್ಕೂ ನನ್ನ ನಮಸ್ಕಾರ. ಆದರೆ ನಾನು ಈಗ ಅದೇ ಓದಿನಲ್ಲಿ ಇರುವವಳು. ಬಿವಿಎ (ದೃಶ್ಯಕಲೆಯ ಪದವಿ) ಮೂರನೇ ವರ್ಷ, ಗ್ರಾಫಿಕ್ಸ್ ವಿಭಾಗ. ಗ್ರಾಫಿಕ್ಸ್ ಅಂದರೆ ಎಲ್ಲರೂ ಕಂಪ್ಯೂಟರ್ ಅಂದುಕೊಳ್ಳುತ್ತಾರೆ. ನಮ್ಮದು ಲಿನೋ (ನೆಲಹಾಸಿನಂಥ ದಪ್ಪ ಹಾಳೆ), ಮರ, ಸತುವಿನ ತಗಡು ಕೆತ್ತಿ ಕಾಗದದ ಮೇಲೆ ಅಚ್ಚು ತೆಗೆಯುವ ಮುದ್ರಣ ಕಲೆ. ನಮ್ಮ ಕಡೆಯ ಮಾತೂ ಒಂದಿಷ್ಟು ಇದೆ. ಬಿರುಸು ಮಾತು ನಮಗೆ ದೊಡ್ಡ ಕಷ್ಟವೇ ಅಲ್ಲ. ಎಷ್ಟೋ ಸಲ ನಮಗೆ ಮಾತೇ ಸಿಗುವುದಿಲ್ಲ.

ನಮ್ಮ ಕೋರ್ಸ್‌ವರ್ಕ್ ಹೇಗೆ ನಡೆಯುತ್ತದೆ ಅಂತ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಾಲ್ಕು ವರ್ಷದ ಕೋರ್ಸು. ಮೊದಲ ವರ್ಷ ಎಲ್ಲವೂ ಇರುತ್ತದೆ: ಡ್ರಾಯಿಂಗ್, ಸ್ಟಿಲ್ ಲೈಫ್, ಜೇಡಿಮಣ್ಣು, ಬಣ್ಣ, ಅಕ್ಷರ. ಆಮೇಲೆ ಒಂದು ವಿಭಾಗಕ್ಕೆ ಹೋಗುತ್ತೇವೆ. ಸೆಮಿಸ್ಟರ್‌ಗೆ ಇಷ್ಟು ಸ್ಕೆಚ್, ಇಷ್ಟು ಕಾಂಪೊಸಿಷನ್, ಇಷ್ಟು ಪ್ರಿಂಟ್ ಅಂತ ಲೆಕ್ಕ. ಸಬ್ಮಿಷನ್ ದಿನ ವರಾಂಡದ ಉದ್ದಕ್ಕೂ ಹಾಸಿಟ್ಟು ಪಕ್ಕದಲ್ಲಿ ಕೈಕಟ್ಟಿ ನಿಲ್ಲುತ್ತೇವೆ. ನೋಡುವವರು ನಡೆದುಕೊಂಡೇ ನೋಡುತ್ತಾರೆ. ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಒಂದು ಅಂಕಿ ಬೀಳುತ್ತದೆ. ಸಂಜೆ ಎಲ್ಲವನ್ನೂ ದಾರ ಹಾಕಿ ಕಟ್ಟಿ ಸ್ಟೋರ್ ರೂಮಿಗೆ ಒಯ್ಯುತ್ತಾರೆ. ಮೊದಲ ವರ್ಷ ನನಗೆ ಡ್ರಾಯಿಂಗ್‌ನಲ್ಲಿ 50ಕ್ಕೆ 34 ಬಂತು. ಆ 34ರಲ್ಲಿ ಏನು ಚೆನ್ನಾಗಿತ್ತು, ಉಳಿದ 16 ಎಲ್ಲಿ ಹೋಯಿತು, ಇವತ್ತಿಗೂ ನನಗೆ ಗೊತ್ತಿಲ್ಲ. ಹಾಳೆಗಳೂ ವಾಪಸ್ ಬರಲಿಲ್ಲ. ಹಾಗಾಗಿ ಮುಂದಿನ ಸೆಮಿಸ್ಟರ್‌ನಲ್ಲಿ ನಾನೂ ಲೆಕ್ಕ ತುಂಬಿಸಿದೆ. ಹಾಸ್ಟೆಲ್‌ನಲ್ಲಿ ಒಂದೇ ರಾತ್ರಿ ಕೂತು ಮೊಬೈಲ್ ನೋಡಿಕೊಂಡು 20 ಸ್ಕೆಚ್ ಮಾಡಿದ್ದೂ ಇದೆ. ಅದು ತಪ್ಪು ಅಂತ ಮಾಡುವಾಗಲೇ ಗೊತ್ತಿತ್ತು.

ಮೇಷ್ಟ್ರುಗಳನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ನಮ್ಮ ವಿಭಾಗದಲ್ಲಿ ಕಾಯಂ ಇರುವವರು ಒಬ್ಬರೇ. ಉಳಿದವರು ಅತಿಥಿ ಉಪನ್ಯಾಸಕರು. ಪಾಠದ ಗಂಟೆ ಲೆಕ್ಕಕ್ಕೆ ಬರುತ್ತದೆ. ಒಬ್ಬ ಹುಡುಗಿಯ ಚಿತ್ರದ ಮುಂದೆ ಅರ್ಧ ಗಂಟೆ ಕೂತದ್ದು ಯಾವ ರಿಜಿಸ್ಟರ್‌ಗೂ ಬರುವುದಿಲ್ಲ. ಹೀಗಿರುವಾಗ ಯಾರು ಕೂರುತ್ತಾರೆ ಹೇಳಿ?

ಎರಡನೇ ವರ್ಷ ನಡೆದ ಒಂದು ಸಂಗತಿ ಹೇಳುತ್ತೇನೆ. ನಾನು ಇಳಕಲ್ಲಿನವಳು, ನೇಕಾರರ ಮನೆ. ಅಜ್ಜಿಯನ್ನು ಸೆರಗು ಹೊದ್ದು ಕೂತ ಹಾಗೆ ಬಣ್ಣದಲ್ಲಿ ಬರೆದಿದ್ದೆ. ಹದಿನೈದು ದಿನದ ಕೆಲಸ ಅದು. ನಮ್ಮ ಮೇಷ್ಟ್ರಲ್ಲಿ ಒಬ್ಬರು ಆ ಕಡೆಯಿಂದ ಹಾದುಹೋಗುತ್ತಾ 'ಕ್ಯಾಲೆಂಡರ್ ಇದ್ದಂಗ ಐತಿ' ಅಂದರು. ನಿಲ್ಲಲೂ ಇಲ್ಲ, ಮುಂದೆ ಹೋದರು. ಕ್ಯಾಲೆಂಡರ್ ಅಂದರೆ ಏನು? ಬಣ್ಣ ಜಾಸ್ತಿ ಆಯಿತಾ? ಮುಖ ಸಪ್ಪೆ ಆಯಿತಾ? ಕೇಳುವ ಧೈರ್ಯ ನನಗಿರಲಿಲ್ಲ. ಐದಾರು ತಿಂಗಳು ನಾನು ಮನುಷ್ಯರ ಚಿತ್ರವನ್ನೇ ಬರೆಯಲಿಲ್ಲ. ಬರೀ ಗೋಡೆ, ಬಾಗಿಲು, ಬಕೆಟ್ಟು. ಆಮೇಲೆ ಕಲಾ ಇತಿಹಾಸದ ಪಾಠದಲ್ಲಿ ಕಲಬುರಗಿಯ ಎಸ್.ಎಂ. ಪಂಡಿತರ ಹೆಸರು ಬಂತು. ದೇಶದ ಎಷ್ಟೋ ಮನೆಗಳ ಗೋಡೆಗೆ ಅವರು ಬರೆದ ದೇವರು ಕ್ಯಾಲೆಂಡರ್ ಆಗಿ ಬಂದಿದ್ದರು. ಸಿನಿಮಾ ಪೋಸ್ಟರ್ ಕೂಡ ಬರೆದವರು ಅವರು. ಆ ಕೈ, ಆ ಬೆಳಕು ಸುಲಭಕ್ಕೆ ಬರುವಂಥದ್ದಲ್ಲ. ನನ್ನ ಚಿತ್ರ ಆ ಮಟ್ಟಕ್ಕಿತ್ತು ಅಂತ ಹೇಳುತ್ತಿಲ್ಲ. ನೋಡದೆ ಎಸೆದ ಒಂದು ಪದ ಎಷ್ಟು ದಿನ ಕೈ ಕಟ್ಟಿಹಾಕುತ್ತದೆ ಅಂತ ಹೇಳುತ್ತಿದ್ದೇನೆ, ಅಷ್ಟೆ.

ಈ ವರ್ಷ ಬೇರೆಯದೇ ಅನುಭವವಾಯಿತು. ಅದಕ್ಕಾಗಿಯೇ ಈ ಪತ್ರ.

ಜುಲೈನಲ್ಲಿ ಹೊಸ ಅತಿಥಿ ಉಪನ್ಯಾಸಕರೊಬ್ಬರು ಬಂದರು. ಅಪ್ಪ ಮಗ್ಗದಲ್ಲಿ ಕೂತು ನೇಯುವ ದೃಶ್ಯವನ್ನು ನಾನು ಆಗ ಲಿನೋದಲ್ಲಿ ಕೆತ್ತುತ್ತಿದ್ದೆ. ಲಿನೋ ಹಾಳೆ ತಂಪಿಗೆ ಗಡುಸಾಗುತ್ತದೆ. ಹತ್ತು ನಿಮಿಷ ಬಿಸಿಲಿಗೆ ಇಟ್ಟರೆ ಮೆತ್ತಗಾಗಿ ಉಳಿ ಸರಾಗವಾಗಿ ಓಡುತ್ತದೆ. ಕೆತ್ತಿ ತೆಗೆದ ಜಾಗ ಬೆಳ್ಳಗೆ ಉಳಿಯುತ್ತದೆ. ಉಳಿದ ಜಾಗ ಇಂಕ್ ಹಿಡಿಯುತ್ತದೆ. ಅರ್ಧ ಕೆತ್ತಿದ ಮೇಲೆ ರೋಲರ್‌ನಿಂದ ಇಂಕ್ ಹಚ್ಚಿ, ಮೇಲೆ ನ್ಯೂಸ್‌ಪ್ರಿಂಟ್ ಕಾಗದ ಹಾಸಿ, ಚಮಚದ ಬೆನ್ನಿನಿಂದ ತಿಕ್ಕಿ ಒಂದು ಪ್ರೂಫ್, ಅಂದರೆ ಪರೀಕ್ಷೆಯ ಅಚ್ಚು, ತೆಗೆಯುತ್ತೇವೆ. ನಮ್ಮ ಕೆಲಸದಲ್ಲಿ ಪ್ರೂಫ್ ಬಹಳ ಮುಖ್ಯ. ಯಾಕಂದರೆ ಲಿನೋದಲ್ಲಿ ತೆಗೆದದ್ದನ್ನು ಮತ್ತೆ ಹಾಕಲು ಬರುವುದಿಲ್ಲ. ಏನಾದರೂ ಹೇಳಬೇಕಾದರೆ ಆಗಲೇ ಹೇಳಬೇಕು. ಸೆಮಿಸ್ಟರ್ ಮುಗಿದು, ಐದು ಪ್ರತಿ ತೆಗೆದು, ಕೆಳಗೆ 1/5, 2/5 ಅಂತ ನಂಬರ್ ಹಾಕಿ ಸಹಿ ಮಾಡಿದ ಮೇಲೆ ತಪ್ಪು ತೋರಿಸಿದರೆ ಅದನ್ನು ನಾನು ಎಲ್ಲಿ ತಿದ್ದಲಿ?

ಆ ಸರ್ ನನ್ನ ಪ್ರೂಫನ್ನು ನೆಲದ ಮೇಲೆ ಹಾಕಿ, ತಾವೂ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಬಹಳ ಹೊತ್ತು ಮಾತಿಲ್ಲ. ತಲೆಕೆಳಗು ಮಾಡಿ ನೋಡಿದರು. ಆಮೇಲೆ 'ಇದನ್ನ ಎಲ್ಲಿ ನಿಂತು ನೋಡೀದಿ?' ಅಂತ ಕೇಳಿದರು. ಮೊಬೈಲ್ ಫೋಟೊ ನೋಡಿ ಮಾಡಿದೆ ಸರ್, ಅಂದೆ.

'ಹೌದು. ಮಗ್ಗದ ಮುಂದ ನಿಂತು ತಗದ ಫೋಟೊ. ನಿಮ್ಮಪ್ಪ ಅಲ್ಲಿ ನಿಂದ್ರೂದಿಲ್ಲಲ್ಲ. ಅವರು ಕುಂತಲ್ಲಿಂದ ಏನ್ ಕಾಣತೈತಿ? ಇದರಾಗ ಕೈ ಅದಾವು, ಕೆಲಸ ಇಲ್ಲ.'

ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಅವತ್ತು ರಾತ್ರಿಯೇ ಇಳಕಲ್ ಬಸ್ ಹತ್ತಿದೆ. ಪತ್ರ ಬರೆದ ಹಿರಿಯರು ಇದನ್ನು ದಯವಿಟ್ಟು ಗಮನಿಸಬೇಕು. ಆ ಮಾತು 'ಕ್ಯಾಲೆಂಡರ್' ಅನ್ನುವುದಕ್ಕಿಂತ ಮೆತ್ತಗೇನೂ ಇರಲಿಲ್ಲ. ಆದರೆ ಅದು ನೋಡಿ ಆಡಿದ ಮಾತು. ಅದರೊಳಗೆ ನಾನು ಮಾಡಬೇಕಾದ ಕೆಲಸ ಇತ್ತು.

ನಮ್ಮದು ಕುಣಿ ಮಗ್ಗ. ನೇಯುವವರು ನೆಲದ ಅಂಚಿಗೆ ಕೂತು ಕಾಲನ್ನು ಕುಣಿಯಲ್ಲಿ ಇಳಿಬಿಡುತ್ತಾರೆ. ಹುಟ್ಟಿದಾಗಿನಿಂದ ಆ ಮಗ್ಗದ ಸದ್ದು ಕೇಳಿ ಬೆಳೆದವಳು ನಾನು. ಆದರೆ ಅಪ್ಪನ ಜಾಗದಲ್ಲಿ ಯಾವತ್ತೂ ಕೂತಿರಲಿಲ್ಲ. 'ಕುಣ್ಯಾಗ ಇಳಿ, ಕುಂತು ನೋಡು' ಅಂದರು ಅಪ್ಪ. ಕೂತೆ. ಹೊಟ್ಟೆಯ ಮಟ್ಟಕ್ಕೆ ಸೀರೆ. ಅಲ್ಲಿಂದ ಮುಂದಕ್ಕೆ ಹಾಸಿನ ಎಳೆಗಳು (ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ನೂಲು) ಕೆರೆಯ ನೀರಿನ ಹಾಗೆ ಚಾಚಿಕೊಂಡಿವೆ. ಎಡಗಡೆ ಸಣ್ಣ ಕಿಟಕಿ. ಅದರ ಬೆಳಕು ಎಳೆಗಳ ಮೇಲೆ ಬಿದ್ದು, ಸಂದಿಯಿಂದ ಇಳಿದು, ಕೆಳಗೆ ಕಾಲಿನ ಮೇಲೆ ಗೆರೆಗೆರೆಯಾಗಿ ಬೀಳುತ್ತದೆ. ಅಪ್ಪನ ಕಾಲಿನ ಮೇಲೆ ಇಷ್ಟು ವರ್ಷ ಈ ಬೆಳಕು ಬೀಳುತ್ತಿತ್ತು, ನನಗೆ ಕಂಡಿರಲಿಲ್ಲ. ಎರಡು ದಿನ ಕೂತು 11 ಸ್ಕೆಚ್ ಮಾಡಿದೆ. ಲೆಕ್ಕ ತುಂಬಿಸಲು ಅಲ್ಲ. ಸಾಕು ಅನ್ನಿಸಿದಾಗ ಎಣಿಸಿದರೆ ಅಷ್ಟಿದ್ದವು.

ಹಳೆಯ ಪ್ರೂಫನ್ನೂ ತಂದಿದ್ದೆ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ನೋಡಿದ ಕೂಡಲೇ, 'ಲಾಳಿ ಹಗ್ಗ ನಾ ಬಲಗೈಲೆ ಜಗ್ಗೂದು. ನೀ ಎಡಗೈಗೆ ಕೊಟ್ಟೀದಿ' ಅಂದರು. ಲಿನೋದಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಅಚ್ಚಾಗುತ್ತದೆ. ಅಕ್ಷರ ಕೆತ್ತುವಾಗ ನೆನಪಿಟ್ಟು ತಿರುಗಿಸಿ ಬರೆಯುತ್ತೇವೆ. ಚಿತ್ರಕ್ಕೆ ನಾನು ಹಾಗೆ ಮಾಡಿರಲಿಲ್ಲ. ಆ ಪ್ರೂಫ್ ಎರಡು ವಾರ ಕ್ಲಾಸಿನ ಗೋಡೆಯ ಮೇಲಿತ್ತು, ಯಾರಿಗೂ ಹೊಳೆದಿರಲಿಲ್ಲ. ಮಗ್ಗದ ಕೆಲಸ ಮಾಡುವ ಕಣ್ಣಿಗೆ ಒಂದೇ ನೋಟಕ್ಕೆ ಸಿಕ್ಕಿತು.

ಅವ್ವನದು ಕೊಂಡಿ ಹಾಕುವ ಕೆಲಸ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿಯಲ್ಲಿ ಕೂಡಿಸಬೇಕು. ಒಂದು ಎಳೆ ತಪ್ಪಿದರೂ ಅವ್ವನ ಬೆರಳು ಅಲ್ಲೇ ನಿಲ್ಲುತ್ತದೆ. ಹಿಂದಕ್ಕೆ ಬಂದು, ಬಿಚ್ಚಿ, ಮತ್ತೆ ಹಾಕುತ್ತಾಳೆ. ಆಮೇಲೇ ಮುಂದೆ. ಸೀರೆ ಪೂರ್ತಿ ನೇಯ್ದು ಮಡಿಚಿಟ್ಟ ಮೇಲೆ ತಪ್ಪು ಹುಡುಕುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ನಮ್ಮ ಕಾಲೇಜಿನಲ್ಲಿ ಅದೇ ನಡೆಯುತ್ತಿದೆ ಅಲ್ವಾ?

ಹೊಸ ಲಿನೋ ಹಾಳೆ ತಗೊಂಡು ಮೊದಲಿನಿಂದ ಕೆತ್ತಿದೆ. ನಾಲ್ಕು ಪ್ರೂಫ್ ಆದವು. ಒಂದೊಂದಕ್ಕೂ ಸರ್ ಬಂದು ಕೂತರು. ಒಂದು ಸಲ ಎರಡೇ ಮಾತು ಹೇಳಿದರು: 'ಇಲ್ಲಿಗೆ ನಿಲ್ಲಿಸು.' ನಾನು ಇನ್ನೂ ಕೆತ್ತಬೇಕು ಅಂದುಕೊಂಡಿದ್ದ ಮೂಲೆ ಅದು. ಕಪ್ಪಗೆ ಬಿಟ್ಟೆ. ಈಗ ಆ ಕಪ್ಪು ಇರುವುದರಿಂದಲೇ ಕಾಲಿನ ಮೇಲಿನ ಬೆಳಕು ಕಾಣುತ್ತದೆ.

ಒಂದು ನೋಟ್‌ಬುಕ್ ಇಡಲೂ ಅವರೇ ಹೇಳಿದರು. ಪ್ರತಿ ಪ್ರೂಫ್ ಆದ ಮೇಲೆ ಏನು ಬದಲಾಯಿಸಿದೆ, ಯಾಕೆ, ಯಾವುದು ಇನ್ನೂ ಅನುಮಾನ ಅಂತ ಬರೆಯಬೇಕು. ಮೊದಮೊದಲು ಇದು ಹೋಮ್‌ವರ್ಕ್ ಅನ್ನಿಸಿತು. ಮೂರು ತಿಂಗಳಾದ ಮೇಲೆ ಹಿಂದಿನ ಪುಟ ತಿರುವಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಯಾವ ಚಿತ್ರವಾದರೂ ನಾನು ಮನುಷ್ಯನನ್ನು ನಟ್ಟನಡುವೆ ಕೂರಿಸುತ್ತೇನೆ, ಆಮೇಲೆ ಸುತ್ತ ಏನು ತುಂಬಲಿ ಅಂತ ಒದ್ದಾಡುತ್ತೇನೆ. ಯಾರೂ ಹೇಳಿದ್ದಲ್ಲ ಅದು. ನಾನು ಬರೆದದ್ದನ್ನು ನಾನೇ ಓದಿ ತಿಳಿದದ್ದು. ನಮ್ಮ ನಾಡಿನ ಚಿತ್ರಕಾರ ಕೆ. ವೆಂಕಟಪ್ಪನವರು (1886–1965) ದಿನಚರಿ ಬರೆಯುತ್ತಿದ್ದರು ಅಂತ ಓದಿದ್ದೆ. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತವರು ಅವರು. ಅಂಥವರಿಗೇ ಬರೆದಿಡಬೇಕು ಅನ್ನಿಸಿದರೆ ನಮ್ಮಂಥವರಿಗೆ ಇನ್ನೆಷ್ಟು ಬೇಕು! ಆದರೆ ನಮ್ಮ ಸಿಲಬಸ್‌ನಲ್ಲಿ ಆ ನೋಟ್‌ಬುಕ್‌ಗೆ ಜಾಗವಿಲ್ಲ. ಅದನ್ನು ಯಾರೂ ಕೇಳುವುದಿಲ್ಲ, ಅಂಕವೂ ಇಲ್ಲ. ಹಾಗಾಗಿ ನಮ್ಮ ಕ್ಲಾಸಿನ 22 ಜನರಲ್ಲಿ ಇಟ್ಟಿರುವವರು ಮೂವರೇ.

ಆ ಸರ್ ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಗೊತ್ತಿಲ್ಲ. ಅತಿಥಿ ಉಪನ್ಯಾಸಕರ ಪಾಡು ಎಲ್ಲರಿಗೂ ಗೊತ್ತಿರುವುದೇ. ಒಬ್ಬ ಒಳ್ಳೆಯ ಮೇಷ್ಟ್ರು ಸಿಕ್ಕರೆ ಅದೃಷ್ಟ, ಇಲ್ಲದಿದ್ದರೆ ಇಲ್ಲ ಅನ್ನುವ ಹಾಗೆ ಆಗಬಾರದು. ನಮ್ಮಲ್ಲಿ ಜಾಸ್ತಿ ಜನ ಸಾಲ ಮಾಡಿ, ಮನೆಯಲ್ಲಿ ಜಗಳ ಮಾಡಿ ಈ ಓದಿಗೆ ಬಂದವರು. 'ಚಿತ್ರ ಬರೆದು ಏನ್ ಮಾಡ್ತೀ' ಅನ್ನುವ ಮಾತನ್ನು ದಾಟಿ ಬಂದವರಿಗೆ ಬಿರುಸು ಮಾತು ಹೊಸದಲ್ಲ.

ಕಾಲೇಜು ನಡೆಸುವವರಿಗೆ, ಸಿಲಬಸ್ ಮಾಡುವವರಿಗೆ ನಿಮ್ಮ ಪತ್ರಿಕೆಯ ಮೂಲಕ ನನ್ನ ಬೇಡಿಕೆ ಇಷ್ಟು. ಅಂಕಿಯ ಪಕ್ಕದಲ್ಲಿ ಎರಡು ಸಾಲು ಬರೆಯಿರಿ. ಚೆನ್ನಾಗಿಲ್ಲ ಅಂತಲೇ ಬರೆಯಿರಿ, ಯಾಕೆ ಅನ್ನುವುದನ್ನೂ ಬರೆಯಿರಿ. ಕೆಲಸ ಮುಗಿಯುವ ಮೊದಲು, ಪ್ರೂಫ್ ಹಂತದಲ್ಲಿ, ಸೆಮಿಸ್ಟರ್‌ಗೆ ಒಂದೇ ಸಲವಾದರೂ ಒಬ್ಬೊಬ್ಬರ ಚಿತ್ರದ ಮುಂದೆ ಅರ್ಧ ಗಂಟೆ ಕೂರಿ. ಹಾಗೆ ಕೂತ ಮೇಷ್ಟ್ರಿಗೆ ಆ ಅರ್ಧ ಗಂಟೆಯನ್ನೂ ಪಾಠದ ಗಂಟೆ ಅಂತ ಲೆಕ್ಕ ಹಿಡಿದು ದುಡ್ಡು ಕೊಡಿ. ಇದಕ್ಕೆ ಹೊಸ ಕಟ್ಟಡ ಬೇಡ, ಯಂತ್ರ ಬೇಡ.

ಮತ್ತೆ ನಮ್ಮ ಹಾಳೆಗಳನ್ನು ವಾಪಸ್ ಕೊಡಿ. ಸ್ಟೋರ್ ರೂಮಿನ ಗೋಡೆಗೆ ಹೋದ ವರ್ಷವೇ ಗೆದ್ದಲು ಹತ್ತಿದೆ. ಕೆಳಗಿನ ಕಟ್ಟುಗಳು ಒದ್ದೆಯಾಗಿವೆ. ನನ್ನ ಮೊದಲ ವರ್ಷದ 46 ಹಾಳೆ ಅಲ್ಲಿವೆ, 34 ಬಂದ ಡ್ರಾಯಿಂಗ್ ಸಮೇತ. ಈಗ ನೋಡಿದರೆ ಆ 16 ಎಲ್ಲಿ ಹೋಯಿತು ಅಂತ ನನಗೇ ಗೊತ್ತಾಗಬಹುದು. ಮಳೆಗಾಲಕ್ಕೆ ಮುಂಚೆ ಕೊಟ್ಟರೆ ಉಪಕಾರವಾಗುತ್ತದೆ.

ಇಂತಿ,
ಮುದ್ರಣ ಕಲೆಯ ಒಬ್ಬ ವಿದ್ಯಾರ್ಥಿನಿ
ಇಳಕಲ್, ಬಾಗಲಕೋಟೆ ಜಿಲ್ಲೆ