ದೋಸ್ತ, ಆ ಗೊರಕೆ ವಿಡಿಯೋ ಅಳಿಸಬೇಡ

ದೋಸ್ತ,

ನಿನ್ನ ಮಗ ಬಾಯಿ ತೆರೆದು ಗೊರಕೆ ಹೊಡೆಯೋ ವಿಡಿಯೋ ನೋಡಿದೆ. ಗ್ರೂಪಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಮನೆಯಲ್ಲೂ ಮಗಳ ಗೊರಕೆಗೆ ಎರಡು ವರ್ಷ ಹೀಗೇ ನಕ್ಕಿದ್ದೇವೆ. "ಥೇಟ್ ಅವರಜ್ಜನ ಹಂಗ ಗೊರಕಿ ಹೊಡೀತಾಳ ನೋಡ್ರಿ" ಅಂತ ನಮ್ಮವ್ವ ಬಂದವರಿಗೆಲ್ಲ ಹೇಳುತ್ತಿದ್ದಳು.

ಎರಡು ತಿಂಗಳ ಹಿಂದೆ ಮಗಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಬೇಗ, ಜನ ಇರಲಿಲ್ಲ. ಮೇಲೆ ಹತ್ತಿ, ಆ ಕಡೆ ಅವಳನ್ನೂ ಅವಳಮ್ಮನನ್ನೂ ಕೂರಿಸಿ, ಈ ಕಡೆಯಿಂದ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಅವಳ ಹೆಸರು ಕರೆದೆ. ನಡುವೆ ಹೆಚ್ಚುಕಡಿಮೆ 38 ಮೀಟರ್. ಕೇಳಿಸಿತು ಅಂತ ಅವಳಮ್ಮ ಕೈ ಎತ್ತಿದಳು. ಮಗಳು ಗೋಡೆಗೆ ಕಿವಿ ಹಚ್ಚಿಕೊಂಡು ಸುಮ್ನೆ ಕೂತಿದ್ದಳು. ಇನ್ನೊಮ್ಮೆ ಕರೆದೆ. ಕೊನೆಗೆ ಅವಳೇ ಕೂಗಿದಳು: "ಅಪ್ಪಾ, ಯಾವಾಗ ಕರೀತಿ?" ಅದು ಗುಮ್ಮಟದ ತುಂಬ ಮತ್ತೆ ಮತ್ತೆ ತಿರುಗಿತು.

ಅಲ್ಲಿಂದ ಬಂದ ಮೇಲೆ ಅವಳನ್ನು ತೋರಿಸಿದೆವು. ಅಡಿನಾಯ್ಡ್ ಅಂದರು ಡಾಕ್ಟರ್. ಮೂಗಿನ ಹಿಂದೆ ಇರೋ ಮೆತ್ತನೆ ಗಂಟು. ಎಲ್ಲ ಮಕ್ಕಳಿಗೂ ಇರುತ್ತದೆ, 3ರಿಂದ 7 ವರ್ಷದೊಳಗೆ ಜಾಸ್ತಿ ಬೆಳೆದು ಆಮೇಲೆ ತಾನೇ ಕುಗ್ಗುತ್ತಾ ಬರುತ್ತದೆ. ಇವಳದು ಎಷ್ಟು ಬೆಳೆದಿತ್ತು ಅಂದ್ರೆ, ಎಕ್ಸ್‌ರೇಯಲ್ಲಿ ಗಾಳಿ ಹೋಗೋ ದಾರಿ ಒಂದು ಎಳೆ ದಾರದಷ್ಟು ಕಪ್ಪಗೆ ಕಂಡಿತು. ಕಿವಿಗೆ ಹೋಗೋ ನಳಿಕೆಯ ಬಾಯಿ ಅಲ್ಲೇ ಪಕ್ಕದಲ್ಲಿದೆ. ಅದು ಕಟ್ಟಿಕೊಂಡು ಕಿವಿಪರದೆಯ ಹಿಂದೆ ನೀರು ನಿಂತಿತ್ತು. ನೋವಿಲ್ಲ, ಸೋರಲಿಲ್ಲ. ಕೇಳಿಸೋದು ಕಡಿಮೆ ಆಗಿತ್ತು, ಅಷ್ಟೇ.

ಗುಮ್ಮಟಕ್ಕೆ ಹೋಗೋ ಹಿಂದಿನ ವಾರವೇ, ಮೂರು ಸಲ ಕರೆದರೂ ತಿರುಗಲಿಲ್ಲ ಅಂತ "ಕಿವ್ಯಾಗ ಹತ್ತಿ ಇಟ್ಕೊಂಡಿ ಏನು" ಅಂದು ಬೆನ್ನಿಗೆ ಹೊಡೆದಿದ್ದೆ. ಯಾಕೆ ಹೊಡೆದೆ ಅಂತ ಕೂಡ ಅವಳು ಕೇಳಲಿಲ್ಲ. ಇದನ್ನು ಹೆಂಡತಿಗೂ ಹೇಳಿಲ್ಲ, ಇಲ್ಲೇ ಓದಲಿ. ನಿನಗೂ ಹೇಳಬೇಕಂತ ಬರೆಯೋಕೆ ಕೂತಿರಲಿಲ್ಲ.

ಇರಲಿ. ಈಗ ಮೂಗಿಗೆ ಮೊದಲು ಉಪ್ಪುನೀರಿನ ಹನಿ, ಆಮೇಲೆ ಡಾಕ್ಟರ್ ಬರೆದ ಸ್ಪ್ರೇ. ಅದರ ತುದಿ ಮೂಗಿನ ನಡುಗೋಡೆಗೆ ತಾಗಬಾರದು, ಕಿವಿಯ ಕಡೆ ತಿರುಗಿರಬೇಕು. ಮೊದಲ ವಾರ ನಾನು ತಪ್ಪಾಗಿ ಹೊಡೆದು ರಕ್ತ ಬಂತು. ಸ್ಪ್ರೇ ಹೆಸರು ಮಾತ್ರ ಕೇಳಬೇಡ, ಹುಡುಗನನ್ನು ತೋರಿಸು. 3 ತಿಂಗಳಾದರೂ ನೀರು ಇಳಿಯದಿದ್ದರೆ ಆಪರೇಶನ್ ಮಾತಾಡೋಣ ಅಂದಿದ್ದಾರೆ. ಅಡಿನಾಯ್ಡನ್ನು ಬಾಯಿಯೊಳಗಿಂದಲೇ ತೆಗೆಯುತ್ತಾರೆ, ಹೊರಗೆ ಹೊಲಿಗೆ ಬೀಳೋದಿಲ್ಲ.

ಆ ವಿಡಿಯೋದಲ್ಲಿ ಒಂದು ಕಡೆ ಗೊರಕೆ ನಿಲ್ಲುತ್ತದೆ, ಎದೆ ಒಳಗೆ ಹೋಗುತ್ತದೆ, ಆಮೇಲೆ ಗಕ್ಕನೆ ಉಸಿರು ಎಳೆದುಕೊಳ್ಳುತ್ತಾನೆ. ಅದನ್ನೇ ಡಾಕ್ಟರಿಗೆ ತೋರಿಸು. ತಡಮಾಡಬೇಡ.

ವೈನಿಗೆ ನಮಸ್ಕಾರ ಹೇಳು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಬರ್ತೀಯಲ್ವಾ?